ಇಬ್ಬರು ವೈದ್ಯರು, ಒಂದೇ ಫೈಲು

“ಮಲ ಯಾವ ಬಣ್ಣಕ್ಕೆ ಹೋಗ್ತಾ ಇದೆ ಯಜಮಾನ್ರೆ?”

ತೀರ್ಥಹಳ್ಳಿ ಪೇಟೆಯ ಆಯುರ್ವೇದ ವೈದ್ಯೆಯೊಬ್ಬರು ನನ್ನ ದೊಡ್ಡಪ್ಪನನ್ನು ಕೇಳಿದ ಮೊದಲ ಪ್ರಶ್ನೆ ಇದು. ದೊಡ್ಡಪ್ಪ ದೊಡ್ಡಮ್ಮನ ಮುಖ ನೋಡಿದರು. ಹೆಣ್ಣುಮಗಳ ಎದುರು ಹೇಳಲು ಸಂಕೋಚ. ಕೊನೆಗೆ, “ಬೆಳ್ಳಗೆ ಹೋಗ್ತದೆ ಡಾಕ್ಟ್ರಮ್ಮ, ಜೇಡಿಮಣ್ಣು ಕಲಸಿದ ಹಾಗೆ” ಅಂದರು. ಮೈಯೆಲ್ಲ ತುರಿಕೆ, ರಾತ್ರಿಯಾದರೆ ಚಳಿಜ್ವರ ಅಂತಲೂ ಸೇರಿಸಿದರು. ವೈದ್ಯೆ ಔಷಧಿ ಬರೆಯಲಿಲ್ಲ. “ಇವತ್ತೇ ಹೊಟ್ಟೆ ಸ್ಕ್ಯಾನಿಂಗ್ ಆಗ್ಬೇಕು, ನಾಳೆಗೆ ಅಂತ ಇಟ್ಕೋಬೇಡಿ” ಎಂದು ಶಿವಮೊಗ್ಗದ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು.

ಪಿತ್ತಕೋಶದ ಕಲ್ಲೊಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ನಾಳಕ್ಕೆ ಸೋಂಕು ಹತ್ತಿತ್ತು. ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆದರು. ಇನ್ನೆರಡು ದಿನ ಬಿಟ್ಟಿದ್ದರೆ ಸೋಂಕು ರಕ್ತಕ್ಕೆ ಇಳಿಯುತ್ತಿತ್ತು ಎಂದು ಅಲ್ಲಿನ ವೈದ್ಯರು ಹೇಳಿದಾಗ ದೊಡ್ಡಮ್ಮ ಗೋಡೆಗೆ ಒರಗಿ ಕುಳಿತುಬಿಟ್ಟರು.

ಅದಕ್ಕೆ ಹಿಂದಿನ ಎರಡು ವಾರ ನಾವು ಮಾಡಿದ್ದು, ಮಲೆನಾಡಿನ ಹೆಚ್ಚಿನ ಮನೆಗಳಲ್ಲಿ ಮಾಡುವುದನ್ನೇ. ಕಣ್ಣು ಹಳದಿಯಾಯಿತು, ಅರಿಶಿನ ಕಾಮಾಲೆ ಎಂದುಕೊಂಡೆವು. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಮಾಲೆಗೆ ಔಷಧಿ ಕೊಡುವವರ ಮನೆಗೆ ಕರೆದುಕೊಂಡು ಹೋದೆವು. ಜಗುಲಿಯಲ್ಲಿ ಇಪ್ಪತ್ತು ಜನ ಕಾಯುತ್ತಿದ್ದರು. ಹಾಲಿನಲ್ಲಿ ಅರೆದ ಸೊಪ್ಪು, ಮೂರು ದಿನದ ಪಥ್ಯ: ಎಣ್ಣೆ ಇಲ್ಲ, ಉಪ್ಪು ಇಲ್ಲ, ಖಾರ ಇಲ್ಲ. ದುಡ್ಡು ಕೇಳಲಿಲ್ಲ, ತಟ್ಟೆಗೆ ಇಷ್ಟವಾದದ್ದು ಹಾಕಿ ಅಂದರು. ಅವರಲ್ಲಿ ಕಪಟವಿರಲಿಲ್ಲ. ಕಲ್ಲನ್ನು ಕಾಣುವ ಸಾಧನವೂ ಇರಲಿಲ್ಲ.

ಈ ಲೇಖನ ಬರೆಯಲು ಕಾರಣವಾದದ್ದು ಆ ವೈದ್ಯೆಯ ಒಂದು ಪ್ರಶ್ನೆ. ಅದು ಅವರು ಸ್ಕ್ಯಾನಿಂಗ್ ಪುಸ್ತಕದಿಂದ ಕಲಿತದ್ದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಪಾಂಡುರೋಗದ 16ನೇ ಅಧ್ಯಾಯದಲ್ಲಿ, ಕಾಮಾಲೆಯನ್ನು ಎರಡು ಬಗೆಯಾಗಿ ನೋಡಿದ್ದಾರೆ. ಒಂದರಲ್ಲಿ ಪಿತ್ತ ಉಕ್ಕಿ ಮೈಯೆಲ್ಲ ಹರಡುತ್ತದೆ. ಇನ್ನೊಂದರಲ್ಲಿ ಪಿತ್ತದ ದಾರಿ ಕಟ್ಟಿಕೊಂಡು ಮಲ ಎಳ್ಳು ಅರೆದ ಹಿಟ್ಟಿನಂತೆ ಬಿಳಿಚುತ್ತದೆ. ಪಿತ್ತರಸ ಕರುಳಿಗೆ ಇಳಿದರೆ ಮಾತ್ರ ಮಲಕ್ಕೆ ಕಂದು ಬಣ್ಣ ಎಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಇಷ್ಟು ಗುರುತಿಸಿದ ಶಾಸ್ತ್ರದ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ: ಲಿವರಿನ ವಿಷಯದಲ್ಲಿ ಆಯುರ್ವೇದವನ್ನು ಬಳಸುವವರು ಮೊದಲು ಕಾಯಿಲೆ ಯಾವುದೆಂದು ಪತ್ತೆ ಮಾಡಿಸಿಕೊಳ್ಳಬೇಕು. ಆಮೇಲೆ ಎರಡೂ ಪದ್ಧತಿಯ ವೈದ್ಯರ ಮುಂದೆ ಒಂದೇ ಫೈಲನ್ನು ಇಡಬೇಕು.

ಕಾಮಾಲೆಯ ಹಿಂದೆ ಏನಿದೆ?

ಬಲಬದಿಯ ಪಕ್ಕೆಲುಬಿನ ಅಡಿಯಲ್ಲಿ ಕುಳಿತಿರುವ ಯಕೃತ್ತು, ಅಂದರೆ ಲಿವರ್, ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಾವು ಉಂಡದ್ದು, ಕುಡಿದದ್ದು, ನುಂಗಿದ ಮಾತ್ರೆ, ಅರೆದು ಕುಡಿದ ಸೊಪ್ಪು ಎಲ್ಲವೂ ಕರುಳಿನಿಂದ ಮೊದಲು ಹೋಗುವುದು ಅಲ್ಲಿಗೇ. ಹೀಗಾಗಿ ಅದು ಸುಲಭವಾಗಿ ಪೆಟ್ಟು ತಿನ್ನುತ್ತದೆ. ಪೆಟ್ಟಾದ ಜಾಗದಲ್ಲಿ ಮತ್ತೆ ಬೆಳೆಯುವ ಶಕ್ತಿಯೂ ಅದಕ್ಕಿದೆ. ನೋವಿನ ನರಗಳು ಅದರೊಳಗೆ ಇಲ್ಲದ ಕಾರಣ ಬಹಳ ಹಾಳಾಗುವವರೆಗೂ ದೂರು ಹೇಳುವುದಿಲ್ಲ.

ಕಣ್ಣು ಹಳದಿಯಾಗುವುದು ಒಂದು ಲಕ್ಷಣ ಅಷ್ಟೇ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಇರಬಹುದು. ರಕ್ತದಿಂದ ಮತ್ತು ತಾಯಿಯಿಂದ ಮಗುವಿಗೆ ಹರಡುವ ಬಿ ಇರಬಹುದು, ಸಿ ಇರಬಹುದು. ಮದ್ಯ, ಕಲ್ಲು, ಗಡ್ಡೆ, ಕ್ಷಯದ ಮಾತ್ರೆಯ ಅಡ್ಡಪರಿಣಾಮ, ರಕ್ತಕಣ ಒಡೆಯುವ ಕಾಯಿಲೆ, ಇಲಿಜ್ವರ ಯಾವುದೂ ಆಗಬಹುದು. ಇದರಲ್ಲಿ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತವೆ. ಹಳ್ಳಿಯ ಔಷಧಿಗೆ ಇಷ್ಟು ಒಳ್ಳೆಯ ಹೆಸರು ಬಂದಿರುವುದಕ್ಕೆ ಇದೇ ದೊಡ್ಡ ಕಾರಣ. ಸೊಪ್ಪು ಕುಡಿದವರಲ್ಲಿ ಹೆಚ್ಚಿನವರು ಸೊಪ್ಪಿಲ್ಲದಿದ್ದರೂ ಗುಣವಾಗುವವರೇ. ಮೂಗಿಗೆ ಕಹಿ ರಸ ಹಿಂಡಿ ಹಳದಿ ನೀರು ಸುರಿಸುವುದು, ಕೈಗೆ ಬರೆ ಹಾಕುವುದು ಇವೂ ಅದೇ ಗುಣದ ನೆರಳಿನಲ್ಲಿ ಬದುಕಿವೆ. ಮೂಗಿನಿಂದ ಸುರಿಯುವುದು ಉರಿದ ಒಳಪೊರೆಯ ನೀರು, ಕಾಮಾಲೆ ಅಲ್ಲ. ಬರೆಯಿಂದ ಸಿಗುವುದು ಹುಣ್ಣು ಮಾತ್ರ. ಇವೆರಡನ್ನೂ ಯಾರಿಗೂ ಮಾಡಿಸಬೇಡಿ.

ಗರ್ಭಿಣಿಗೆ ಕಾಮಾಲೆ ಬಂದರೆ ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಏಳನೇ ತಿಂಗಳ ನಂತರ ಹೆಪಟೈಟಿಸ್ ಇ ತಾಯಿಯ ಪ್ರಾಣಕ್ಕೇ ಎರವಾಗಬಲ್ಲದು. ಹಸುಗೂಸಿನ ವಿಷಯ ಇನ್ನೂ ಸೂಕ್ಷ್ಮ. ಹುಟ್ಟಿದ ಮಕ್ಕಳಿಗೆ ಮೊದಲ ವಾರ ಮೈ ಹಳದಿಯಾಗುವುದು ಸಾಮಾನ್ಯ. ಆದರೆ ಎರಡು ವಾರ ದಾಟಿದರೂ ಹಳದಿ ಇಳಿಯದೆ, ಮಗುವಿನ ಮಲ ಸುಣ್ಣದ ಹಾಗೆ ಬಿಳಿಚಿ, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡುತ್ತಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಚೆನ್ನಾಗಿ ಸಿಗುತ್ತದೆ. ಬಾಣಂತಿ ಕೋಣೆಯಲ್ಲಿರುವ ಅಜ್ಜಿಯರು ಡೈಪರ್ ಬದಲಿಸುವಾಗ ಬಣ್ಣದ ಮೇಲೊಂದು ಕಣ್ಣಿಟ್ಟರೆ ಒಂದು ಜೀವ ಉಳಿಯುತ್ತದೆ.

ನೆಲನೆಲ್ಲಿಗೆ ಏನಾಯಿತು?

ಮಳೆ ಬಿದ್ದ ಹದಿನೈದು ದಿನಕ್ಕೆ ಅಂಗಳದ ಅಂಚಿನಲ್ಲಿ ತಾನಾಗಿ ಏಳುವ ಪುಟ್ಟ ಗಿಡ ನೆಲನೆಲ್ಲಿ, ಕಿರುನೆಲ್ಲಿ ಎಂದೂ ಕರೆಯುತ್ತಾರೆ. ಎಲೆ ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪದ ಕಾಯಿಗಳು ಸಾಲಾಗಿ ಕೂತಿರುತ್ತವೆ. ಕರ್ನಾಟಕದಲ್ಲಿ ಕಾಮಾಲೆಗೆ ಬಹಳ ಬಳಕೆಯಾದ ಗಿಡಗಳಲ್ಲಿ ಇದೂ ಒಂದು. ಇದನ್ನು ವಿಜ್ಞಾನ ಕಡೆಗಣಿಸಿತು ಎಂದು ದೂರುವವರಿದ್ದಾರೆ. ನಡೆದದ್ದು ಬೇರೆ.

ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಒಂದು ತಿಂಗಳು ನೆಲನೆಲ್ಲಿಯ ಪುಡಿ ಕೊಟ್ಟು ನೋಡಿದರು. 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಬರಿ ಹುಸಿಗುಳಿಗೆ ಕೊಟ್ಟ 23 ಜನರಲ್ಲಿ ಒಬ್ಬರದು ಮಾತ್ರ ಹೋಯಿತು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ವರದಿಗೆ, ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಕೂಡ ಸಹಲೇಖಕರು. ಜಗತ್ತೇ ತಿರುಗಿ ನೋಡಿತು. ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಪ್ರಯೋಗ ನಡೆಯಿತು. ಮೊದಲಿನ ಆ ಫಲ ಮತ್ತೆ ಕೈಗೆ ಸಿಗಲಿಲ್ಲ. ಹೆಪಟೈಟಿಸ್ ಬಿ ಗುಣಪಡಿಸುವ ಔಷಧಿ ಎಂದು ಇವತ್ತು ನೆಲನೆಲ್ಲಿಯನ್ನು ಹೇಳಲು ಆಧಾರವಿಲ್ಲ.

ಹಾಗಾದರೆ ನೆಲನೆಲ್ಲಿಯ ತಂಬುಳಿ ಬಿಟ್ಟುಬಿಡಬೇಕೆ? ಬೇಡ. ಮನೆಯಲ್ಲಿ ಯಾವಾಗಲಾದರೊಮ್ಮೆ ಮಾಡಿ ಉಂಡರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಆದರೆ ಅದನ್ನು ನಂಬಿ ಹೆಪಟೈಟಿಸ್ ಬಿ ಮಾತ್ರೆ ನಿಲ್ಲಿಸುವುದು ಬಹಳ ಅಪಾಯ. ಟೆನೊಫೊವಿರ್, ಎಂಟೆಕವಿರ್ ಮಾತ್ರೆಗಳು ವೈರಸ್ಸನ್ನು ಅದುಮಿ ಹಿಡಿದಿರುತ್ತವೆ. ಥಟ್ಟನೆ ಬಿಟ್ಟರೆ ಅದು ಮತ್ತೆ ಎದ್ದು, ಕೆಲವೊಮ್ಮೆ ಲಿವರನ್ನೇ ಕುಸಿಯುವಂತೆ ಮಾಡುತ್ತದೆ. “ಬೇರುಸಹಿತ ವಾಸಿ ಮಾಡ್ತೀನಿ, ಇಂಗ್ಲಿಷ್ ಮಾತ್ರೆ ನಿಲ್ಸಿ” ಅನ್ನುವವರ ಬಾಗಿಲಿಗೆ ಎರಡನೇ ಸಲ ಹೋಗಬೇಡಿ. ಹೆಪಟೈಟಿಸ್ ಸಿ ಇದ್ದವರಿಗಂತೂ ಈಗ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆ ಸಾಕು. ನೂರಕ್ಕೆ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಕೊಬ್ಬು ಕಟ್ಟಿದ ಲಿವರಿಗೆ ಹಳೆಯ ದಿನಚರಿ

ಈಗ ನಮ್ಮ ಊರುಗಳಲ್ಲಿ ಕಾಮಾಲೆಗಿಂತ ಹೆಚ್ಚು ಕೇಳುವ ಮಾತು ‘ಫ್ಯಾಟಿ ಲಿವರ್’. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ವರದಿಯ ಕೊನೆಯಲ್ಲಿ ‘ಗ್ರೇಡ್ 1’ ಎಂದು ಬರೆದಿರುತ್ತದೆ. ಹನಿ ಮದ್ಯ ಮುಟ್ಟದವರಿಗೂ ಬರುತ್ತದೆ. ತೆಳ್ಳಗೆ ಕಾಣುವವರಿಗೂ ಬರುತ್ತದೆ, ಏಕೆಂದರೆ ನಮ್ಮ ಮೈಕಟ್ಟಿನಲ್ಲಿ ಕೊಬ್ಬು ಹೊಟ್ಟೆಯೊಳಗೇ ಸೇರುವುದು ಹೆಚ್ಚು. ಅದಕ್ಕೇ ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೈಲರ್ ಬಳಸುವ ಟೇಪು ಹಿಡಿದು ಇವತ್ತೇ ಅಳೆದು ನೋಡಿ.

ಆಯುರ್ವೇದ ತನ್ನ ಪೂರ್ತಿ ಶಕ್ತಿಯಿಂದ ನೆರವಿಗೆ ಬರುವುದು ಇಲ್ಲಿ ಎಂಬುದು ನನ್ನ ಅನಿಸಿಕೆ. ಅತಿಯಾದ ಪೋಷಣೆಯಿಂದ ಬರುವ ಕಾಯಿಲೆಗಳನ್ನು ಚರಕ ‘ಸಂತರ್ಪಣ’ದಿಂದ ಬಂದವು ಎಂದು ಬೇರೆಯಾಗಿಯೇ ಗುರುತಿಸಿದ್ದಾನೆ. ಜಿಡ್ಡು, ಸಿಹಿ, ಹೊಸ ಅಕ್ಕಿ, ಮೈಬಗ್ಗಿಸದ ಬದುಕು, ಹಗಲುನಿದ್ದೆ ಅದಕ್ಕೆ ಕಾರಣ. ಮೈದಣಿಸುವುದು, ಹಸಿವಾದ ಮೇಲೆ ಉಣ್ಣುವುದು, ಬಾರ್ಲಿ, ಹೆಸರು, ಮಜ್ಜಿಗೆ ಅದಕ್ಕೆ ಪರಿಹಾರ. ಇವತ್ತಿನ ಲಿವರ್ ತಜ್ಞರ ಸಲಹಾ ಚೀಟಿಯಲ್ಲೂ ಹೆಚ್ಚುಕಡಿಮೆ ಇದೇ ಇರುತ್ತದೆ. ಮೈತೂಕದ ನೂರಕ್ಕೆ 5 ಭಾಗ ಇಳಿಸಿದರೆ ಲಿವರಿನ ಕೊಬ್ಬು ಕರಗಲು ತೊಡಗುತ್ತದೆ, 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋ ಇರುವವರಿಗೆ ಅದು ಆರರಿಂದ ಎಂಟು ಕಿಲೋ. ಆರು ತಿಂಗಳಿಂದ ಒಂದು ವರ್ಷದಲ್ಲಿ ನಿಧಾನವಾಗಿ ಆಗಬೇಕು. ಉಪವಾಸ ಬಿದ್ದು ತಿಂಗಳಿಗೆ ಹತ್ತು ಕಿಲೋ ಇಳಿಸಿದರೆ ಲಿವರಿನ ಉರಿಯೂತ ಹೆಚ್ಚುತ್ತದೆ, ಪಿತ್ತಕೋಶದಲ್ಲಿ ಕಲ್ಲೂ ಕಟ್ಟಬಹುದು.

ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ಬದಲಿಸಬೇಕಾದದ್ದು ರಾತ್ರಿಯ ಊಟ. ಒಂಬತ್ತೂವರೆಗೆ ಟಿವಿ ಮುಂದೆ ಕೂತು ಎರಡನೇ ಸಲ ಅನ್ನ ಬಡಿಸಿಕೊಂಡು, ಹತ್ತಕ್ಕೆ ಮಲಗುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಊಟ ಏಳು, ಏಳೂವರೆಗೆ ಮುಗಿಯಲಿ. ತಟ್ಟೆಯ ಅರ್ಧ ಪಲ್ಯ, ಕೋಸಂಬರಿ ಇರಲಿ. ಅರ್ಧ ಮುದ್ದೆಯೋ ಒಂದು ರೊಟ್ಟಿಯೋ, ದಪ್ಪ ಬೇಳೆಯ ಸಾರು. ಊಟದ ಕೊನೆಗೆ ಬೆಣ್ಣೆ ತೆಗೆದ ಮಜ್ಜಿಗೆ, ಶುಂಠಿ ಕರಿಬೇವು ಜಜ್ಜಿ ಹಾಕಿದ್ದು. ಸಿರಿಧಾನ್ಯ ತಿಂದರೆ ಸಾಕು, ಎಷ್ಟು ತಿಂದರೂ ಆಗುತ್ತದೆ ಎಂಬ ನಂಬಿಕೆ ತಪ್ಪು. ನವಣೆ ಅನ್ನವೂ ಎರಡು ಬಟ್ಟಲಾದರೆ ಅನ್ನವೇ. ಬಾಟಲಿಯ ತಂಪು ಪಾನೀಯ, ಬೇಕರಿ ತಿಂಡಿ ಮನೆಗೆ ಬಾರದಿರಲಿ. ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ.

ಒಂದು ಸಂತೋಷದ ಸಂಗತಿಯೂ ಇದೆ. ಸಕ್ಕರೆ ಹಾಕದ ಕಾಫಿ ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಚಿಕ್ಕಮಗಳೂರು ಕೊಡಗಿನವರ ಮನೆಗಳಲ್ಲಿ ಸಕ್ಕರೆ ಬಿಟ್ಟರಾಯಿತು, ಕಾಫಿ ಬಿಡಬೇಕಿಲ್ಲ.

ಇದರ ಜೊತೆಗೆ ತ್ರಿಫಲಾ ಚೂರ್ಣ, ಕಟುಕರೋಹಿಣಿ, ಆರೋಗ್ಯವರ್ಧಿನಿ ವಟಿಯಂಥ ಔಷಧಿಗಳನ್ನು ಆಯುರ್ವೇದ ವೈದ್ಯರು ಕೊಡುವುದುಂಟು. ತ್ರಿಫಲಾ ಮಲಬದ್ಧತೆಗೆ ಸೌಮ್ಯವಾದದ್ದು. ಆರೋಗ್ಯವರ್ಧಿನಿಯ ಕಥೆ ಬೇರೆ. ಅದರಲ್ಲಿ ಅರ್ಧ ಪಾಲು ಕಟುಕರೋಹಿಣಿಯೇ ಆದರೂ, ಉಳಿದುದರಲ್ಲಿ ಪಾದರಸ, ಗಂಧಕ, ತಾಮ್ರಭಸ್ಮ ಸೇರಿರುತ್ತವೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವ ಔಷಧಿ ಅಲ್ಲ ಅದು. ವೈದ್ಯರು ಎಷ್ಟು ದಿನ ಎಂದರೋ ಅಷ್ಟೇ ದಿನ.

ಗಟ್ಟಿಯಾದ ಲಿವರಿಗೆ ಬೇರೆ ನಿಯಮ

ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿದೆ, ಎಂದು ಗೊತ್ತಾದವರಿಗೆ ಮೇಲೆ ಹೇಳಿದ ಪಥ್ಯ ಹೊಂದುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮನೆಯವರ ಪ್ರೀತಿಯಿಂದಲೇ ಹೆಚ್ಚು ತಪ್ಪಾಗುವುದು ಇಲ್ಲಿ. ಕಾಯಿಲೆಯವರಿಗೆ ಬೇಳೆ ‘ಭಾರ’, ಮೊಸರು ‘ಶೀತ’, ಮೊಟ್ಟೆ ‘ಉಷ್ಣ’ ಎಂದು ಒಂದೊಂದನ್ನೇ ಬಿಡಿಸಿ ಕೊನೆಗೆ ಗಂಜಿ, ಗ್ಲೂಕೋಸು, ಕಬ್ಬಿನಹಾಲು ಉಳಿಯುತ್ತದೆ. ತೋಳಿನ ಮಾಂಸ ಕರಗಿ ಹೊಟ್ಟೆ ಮಾತ್ರ ಉಬ್ಬುತ್ತದೆ. ಸಿರೋಸಿಸ್ ಇದ್ದವರಿಗೆ ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಆರೋಗ್ಯವಂತರಿಗಿಂತ ಹೆಚ್ಚು. 60 ಕಿಲೋ ತೂಕದವರಿಗೆ ಅದು 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ಹೊತ್ತುಹೊತ್ತಿಗೂ ಬೇಳೆ, ಕಾಳು, ಮೊಸರು, ಪನೀರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲೇಬೇಕು. ರಾತ್ರಿಯಿಡೀ ಹೊಟ್ಟೆ ಖಾಲಿ ಬಿಡಬಾರದು, ಮಲಗುವ ಮುಂಚೆ ಒಂದು ಬಟ್ಟಲು ರಾಗಿ ಅಂಬಲಿಯೋ ಹುರಿಹಿಟ್ಟೋ ಕೊಡಿ. ಉಪ್ಪು ಕಡಿಮೆ ಮಾಡಬೇಕಾದದ್ದು ಮುಖ್ಯವಾಗಿ ಹೊಟ್ಟೆಯಲ್ಲಿ ನೀರು, ಕಾಲುಬಾವು ಇದ್ದವರು. ಕರಾವಳಿಯವರು ಮರುವಾಯಿ, ಪಚ್ಚಿಲೆಯನ್ನು ಚೆನ್ನಾಗಿ ಬೇಯಿಸದೆ ತಿನ್ನಬಾರದು, ಅದರ ಸೋಂಕು ಸಿರೋಸಿಸ್ ಇದ್ದವರಿಗೆ ಮಾರಕ.

ಕಾಮಾಲೆ ಬಂದವರಿಗೆಂದು ರಸ್ತೆಬದಿಯ ಗಾಣದ ಕಬ್ಬಿನಹಾಲು ತರುವವರು ಒಂದು ಕ್ಷಣ ಯೋಚಿಸಿ. ಕಬ್ಬು ತೊಳೆದ ನೀರು, ಹಾಕಿದ ಐಸು ಎಲ್ಲಿಯದು? ಹೆಪಟೈಟಿಸ್ ಎ ಮತ್ತು ಇ ಬರುವ ದಾರಿಯೇ ಅದು.

ಆಯುರ್ವೇದದ ಮುಖ್ಯ ಸೂತ್ರವೊಂದು ಸಿರೋಸಿಸ್‌ನಲ್ಲಿ ಆಧುನಿಕ ವೈದ್ಯದ ಜೊತೆ ಕೈಜೋಡಿಸುತ್ತದೆ. ಕೋಷ್ಠ, ಅಂದರೆ ಹೊಟ್ಟೆ ಕರುಳು, ಶುದ್ಧವಾಗಿರಬೇಕು ಎಂಬುದು ಆಯುರ್ವೇದ. ಹೊಟ್ಟೆ ಕಟ್ಟಿದರೆ ಕರುಳಿನ ಅಮೋನಿಯಾ ಮೆದುಳಿಗೇರಿ ಮಂಕು ಕವಿಯುತ್ತದೆ ಎಂಬುದು ಆಸ್ಪತ್ರೆಯ ವೈದ್ಯರ ಎಚ್ಚರಿಕೆ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗುವಂತೆ ನೋಡಿಕೊಳ್ಳುವುದು ಅದಕ್ಕೇ. ಆದರೆ ಇದೇ ಕಾರಣ ಹೇಳಿ ಪಂಚಕರ್ಮದ ಬಲವಾದ ವಿರೇಚನ ಮಾಡಿಸಿಬಿಟ್ಟರೆ ಹತ್ತಾರು ಸಲ ಭೇದಿಯಾಗಿ ನೀರು, ಲವಣ ಇಳಿದು ಅದೇ ಮಂಕು ಕವಿಯುತ್ತದೆ. ಸಿರೋಸಿಸ್ ಇದ್ದವರು ಲಿವರ್ ತಜ್ಞರ ಒಪ್ಪಿಗೆ ಇಲ್ಲದೆ ವಿರೇಚನಕ್ಕೆ ಹೋಗಕೂಡದು.

ಇನ್ನೊಂದು ವಿಷಯ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಆಸವ, ಅರಿಷ್ಟಗಳು ಹುದುಗಿಸಿ ಮಾಡುವ ಔಷಧಿಗಳು, ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ನೂರಕ್ಕೆ 5ರಿಂದ 10ರವರೆಗೂ ಇರುತ್ತದೆ. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಕುಡಿತ ಬಿಟ್ಟು ಆರು ತಿಂಗಳಾದ ಮಗನಿಗೆ ‘ಲಿವರಿಗೆ ಒಳ್ಳೆಯದು’ ಎಂದು ತಾಯಿ ಕುಮಾರ್ಯಾಸವ ಕೊಟ್ಟರೆ ಅದೂ ಮದ್ಯವೇ ಆಗುತ್ತದೆ. ಮದ್ಯದಿಂದ ಲಿವರ್ ಕೆಟ್ಟವರಿಗೆ ಚೂರ್ಣ, ಕಷಾಯ, ವಟಿಯ ರೂಪದಲ್ಲಿ ಬೇರೆ ಏನಿದೆ ಎಂದು ವೈದ್ಯರನ್ನು ಕೇಳಿ. ಹೊಟ್ಟೆಯ ನೀರಿಗೆ ಮಾತ್ರೆ ತೆಗೆದುಕೊಳ್ಳುವವರು ಜ್ಯೇಷ್ಠಮಧುವಿನಿಂದ ದೂರ ಇರಿ, ಅದು ಮೈಯಲ್ಲಿ ಉಪ್ಪು ನೀರು ಹಿಡಿದಿಟ್ಟು ಪೊಟ್ಯಾಸಿಯಂ ಇಳಿಸುತ್ತದೆ.

ಅಡುಗೆಮನೆಯ ಅಳತೆ, ಕ್ಯಾಪ್ಸೂಲಿನ ಅಳತೆ

ಕೊಡಗಿನ ಕಾಚಂಪುಳಿ ಇಲ್ಲದೆ ಪಂದಿಕರಿ ಇಲ್ಲ. ಆ ಹುಳಿ ಬರುವುದು ಮಲೆನಾಡಿನ ಉಪ್ಪಾಗೆ ಹಣ್ಣಿನಿಂದ. ತಲೆಮಾರುಗಳಿಂದ ಉಂಡವರಿಗೆ ಏನೂ ಆಗಿಲ್ಲ. ಅದೇ ಉಪ್ಪಾಗೆ ಸಿಪ್ಪೆಯ ಸಾರವನ್ನು ಗಟ್ಟಿ ಮಾಡಿ ‘ಗಾರ್ಸಿನಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಮಾಡಿದಾಗ, ಅದನ್ನು ನುಂಗಿದವರಲ್ಲಿ ಕೆಲವರ ಲಿವರ್ ಕೆಟ್ಟದ್ದು ದಾಖಲಾಗಿದೆ. ಅರಿಶಿನಕ್ಕೂ ಹಾಗೆಯೇ. ಸಾರಿಗೆ ಹಾಕುವ ಅರ್ಧ ಚಮಚ ಒಂದು, ಹೀರಿಕೆ ಹೆಚ್ಚಿಸಲು ಕಾಳುಮೆಣಸಿನ ಸಾರ ಬೆರೆಸಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಇನ್ನೊಂದು. ಎರಡನೆಯದರಿಂದ ಕಾಮಾಲೆ ಬಂದ ರೋಗಿಗಳನ್ನು ಇಟಲಿ, ಅಮೆರಿಕಗಳ ವೈದ್ಯರು ವರದಿ ಮಾಡಿದ್ದಾರೆ.

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. ಆಮೇಲೆ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಅಮೃತಬಳ್ಳಿ ಸೇವಿಸಿದ ನಂತರ ಲಿವರ್ ಊದಿಕೊಂಡ 43 ಜನರ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಇಂಥ ವರದಿಗಳನ್ನು ಒಪ್ಪಲಿಲ್ಲ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯನ್ನು ಬಳಸಿರಬಹುದು ಎಂದಿತು. ಎರಡೂ ಕಡೆಯ ಮಾತು ಓದಿದ ಮೇಲೆ ನನಗೆ ತೋಚಿದ್ದು ಇಷ್ಟು: ಬೇಲಿಯ ಮೇಲಿನ ಬಳ್ಳಿಯನ್ನು ಯಾರೋ ಹೇಳಿದರೆಂದು ಕಿತ್ತು ತಿಂಗಳುಗಟ್ಟಲೆ ಕುಡಿಯುವುದು ಆಯುರ್ವೇದವೇ ಅಲ್ಲ. ಕೆಲವು ಬಗೆಯ ಥೈರಾಯ್ಡ್, ಸಂಧಿವಾತದಂತೆ ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ ಇದ್ದವರು, ಲಿವರ್ ಕಸಿ ಮಾಡಿಸಿಕೊಂಡವರು ಅಮೃತಬಳ್ಳಿ, ಅಶ್ವಗಂಧವನ್ನು ತಾವಾಗಿ ಮುಟ್ಟಬಾರದು.

ಇಂಗ್ಲಿಷ್ ಔಷಧಿಗೂ ಇದೇ ಎಚ್ಚರ ಬೇಕು. ಪ್ಯಾರಸಿಟಮಾಲ್ ಮಿತಿ ಮೀರಿದರೆ ಲಿವರನ್ನೇ ಕೊಲ್ಲುತ್ತದೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500ರ ಎಂಟು ಮಾತ್ರೆ, ಗರಿಷ್ಠ ಮಿತಿ. ಕುಡಿಯುವವರಿಗೆ, ಲಿವರ್ ಕಾಯಿಲೆಯವರಿಗೆ ಅದರ ಅರ್ಧ, ಅದೂ ವೈದ್ಯರನ್ನು ಕೇಳಿ. ತಿನ್ನುವ ಕಾಳಿನಲ್ಲೂ ಎಚ್ಚರ ಬೇಕು: ಬೂಸ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳವನ್ನು ತೊಳೆದು ಹುರಿದರೂ ತಿನ್ನಬೇಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ, ಲಿವರ್ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಫೈಲಿನಲ್ಲಿ ಏನಿರಬೇಕು?

ದೊಡ್ಡಪ್ಪನ ಫೈಲು ಒಂದು ನೀಲಿ ಪ್ಲಾಸ್ಟಿಕ್ ಚೀಲದಲ್ಲಿದೆ. ಮೊದಲ ಹಾಳೆ ಸ್ಕ್ಯಾನಿಂಗ್ ವರದಿ. ನಂತರ ಬಿಲಿರುಬಿನ್, ಎಸ್‌ಜಿಪಿಟಿ, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ ಬರೆದ ಲಿವರ್ ಪರೀಕ್ಷೆಯ ಹಾಳೆಗಳು ತಾರೀಖಿನ ಸಾಲಿನಲ್ಲಿ. ಹೆಪಟೈಟಿಸ್ ಬಿ, ಸಿ ಇಲ್ಲ ಎಂಬ ವರದಿ. ಆಮೇಲೆ ವೈದ್ಯೆ ಬರೆದ ಚೀಟಿ, ಅದರಲ್ಲಿ ಔಷಧಿಯ ಹೆಸರು, ಪ್ರಮಾಣ, ಎಷ್ಟು ದಿನ ಎಂಬುದು ಓದಲು ಬರುವ ಕನ್ನಡದಲ್ಲಿ. ಕಲ್ಲು ತೆಗೆದ ಮೇಲೆ ಅವರು ಕೊಟ್ಟದ್ದು ಎಂಟು ವಾರದ ಔಷಧಿ. ಕೊಡುವ ಮುಂಚೆ ಒಮ್ಮೆ, ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿದರು. “ನನ್ನ ಔಷಧಿಯಿಂದ ತೊಂದರೆ ಆಗ್ತಿದ್ಯಾ ಅಂತ ನನಗೆ ಮೊದಲು ಗೊತ್ತಾಗ್ಬೇಕು” ಅಂದರು. ಇಂಥ ವೈದ್ಯರನ್ನು ಹುಡುಕಿಕೊಳ್ಳಿ.

ಬಿಎಎಂಎಸ್ ಓದಿ ನೋಂದಣಿ ಆದವರೇ ಎಂದು ಕೇಳಲು ಹಿಂಜರಿಯಬೇಡಿ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು, ಬೆಂಗಳೂರಿನ ಜಯಚಾಮರಾಜೇಂದ್ರ ಆಸ್ಪತ್ರೆಯಂಥ ಕಡೆ ಕಡಿಮೆ ಖರ್ಚಿನಲ್ಲಿ ತೋರಿಸಬಹುದು. ಹೆಸರಿಲ್ಲದ ಪೊಟ್ಟಣ, ಲೇಬಲ್ ಇಲ್ಲದ ಡಬ್ಬಿ ಬೇಡ. ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ, ಮುಗಿಯುವ ತಾರೀಖು ಇರಲೇಬೇಕು. ಆನ್‌ಲೈನಿನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟಾಗ, ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಔಷಧಿ ಶುರುವಾದ ಮೇಲೆ ಊಟ ಸೇರದೆ ಹೋದರೆ, ಮೂತ್ರ ಕಟ್ಟುಚಹಾದ ಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ ಅಂದೇ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿ. ‘ಔಷಧಿ ಕೆಲಸ ಮಾಡುವಾಗ ಹೀಗೆ ಆಗುತ್ತದೆ’ ಎಂಬ ಸಮಾಧಾನದ ಮಾತು ಕೇಳಿ ಕೂರಬೇಡಿ. ಕಾಮಾಲೆಯವರು ಮಾತು ತೊದಲಿದರೆ, ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಎಚ್ಚರವಾದರೆ, ಮನೆಯವರ ಗುರುತು ತಪ್ಪಿದರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ, ಹೊಟ್ಟೆ ಉಬ್ಬಿದರೆ, ಚಳಿಜ್ವರ ಬಂದರೆ ಕಷಾಯಕ್ಕೂ ಹೊತ್ತಿಲ್ಲ, ಸಲಹೆಗೂ ಹೊತ್ತಿಲ್ಲ. ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಯಾವ ವೈದ್ಯರ ಬಳಿ ಹೋಗುವುದಿದ್ದರೂ, ಹೊರಡುವ ಮುನ್ನ ಮನೆಯ ಕಪಾಟು ತೆರೆಯಿರಿ. ಮಾತ್ರೆ, ಲೇಹ್ಯ, ಚೂರ್ಣ, ಅರಿಷ್ಟ, ಜಿಮ್‌ನವರು ಕೊಟ್ಟ ಪುಡಿ, ನೆಂಟರು ತಂದುಕೊಟ್ಟ ಬೇರು, ಏನಿದೆಯೋ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಒಯ್ಯಿರಿ. ಮೇಜಿನ ಮೇಲೆ ಸುರಿದು, “ಇದರಲ್ಲಿ ಯಾವುದು ಇರಲಿ, ಯಾವುದು ಬೇಡ?” ಎಂದು ಕೇಳಿ. ಬೈದಾರು ಎಂದು ಒಂದನ್ನೂ ಮುಚ್ಚಿಡಬೇಡಿ.